ಹೆದರ್ ಅರಳುವ ಆಗಸ್ಟ್: ಬ್ರಿಟನ್ನಿನ ನೇರಳೆ ಗುಡ್ಡಗಳನ್ನು ಸರಿಯಾಗಿ ನೋಡುವುದು ಹೇಗೆ?

ಪ್ರತಿ ವರ್ಷ ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋ ಬರುತ್ತದೆ. ಗುಡ್ಡದ ತುಂಬ ಹೆದರ್ ಅನ್ನುವ ಕುರುಚಲು ಗಿಡದ ನೇರಳೆ ಹೂವು, ನಡುವೆ ಒಂದು ಕಾಲುದಾರಿ, ಮೇಲೆ ಮೋಡ. ಕೆಳಗೊಂದು ಪ್ರಶ್ನೆ: "ಇದೆಲ್ಲಿ? ಈ ಶನಿವಾರ ಹೋದರೆ ಸಿಗತ್ತಾ?" ಲಂಡನ್ನಿನ ಗೆಳೆಯರು ಕೇಳುತ್ತಾರೆ. ಮ್ಯಾಂಚೆಸ್ಟರ್‌ಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಕೇಳುತ್ತಾರೆ. ಮಗಳ ಮನೆಗೆಂದು ಊರಿಂದ ಬಂದ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು, ಶೆಫೀಲ್ಡ್‌ನಲ್ಲಿದ್ದು ಇಷ್ಟು ವರ್ಷ ಕಲಿತದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಮೊದಲ ವರ್ಷ ಹೋದದ್ದು ಸೆಪ್ಟೆಂಬರ್ ಕೊನೆಗೆ. ಗುಡ್ಡವೆಲ್ಲ ತುಕ್ಕಿನ ಬಣ್ಣ. ಎರಡನೇ ವರ್ಷ ಅವಸರ ಮಾಡಿ ಜುಲೈ ಮೊದಲ ವಾರವೇ ಹೋದೆ. ಬಂಡೆಗಳ ಹತ್ತಿರ ಅಲ್ಲೊಂದು ಇಲ್ಲೊಂದು ಕಡು ನೇರಳೆ ಗುಂಪು ಸಿಕ್ಕಿತು. ಇಷ್ಟೇ ಇರಬೇಕು ಅಂದುಕೊಂಡು ಮನೆಗೆ ಬಂದೆ. ಮೂರನೇ ವರ್ಷ ಗೊತ್ತಾಯಿತು, ನಾನು ಜುಲೈನಲ್ಲಿ ನೋಡಿದ್ದು ಆ ಫೋಟೋದಲ್ಲಿರುವ ಗಿಡವೇ ಅಲ್ಲ ಅಂತ. ದೂರದಿಂದ ಒಂದೇ ಬಣ್ಣದ ಹಾಸಿನಂತೆ ಕಾಣುವುದು ಹತ್ತಿರ ಹೋದರೆ ಮೂರು ಬೇರೆ ಗಿಡ. ಮೂರಕ್ಕೂ ಬೇರೆ ಬೇರೆ ತಿಂಗಳು, ಬೇರೆ ಬೇರೆ ನೆಲ. ಅದಕ್ಕೇ ಈ ಮಾರ್ಗದರ್ಶಿ ಜಾಗದಿಂದ ಶುರುವಾಗುವುದಿಲ್ಲ, ಗಿಡದಿಂದ ಶುರುವಾಗುತ್ತದೆ. ಗಿಡ ಗೊತ್ತಿದ್ದರೆ ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು ಎರಡನ್ನೂ ಅದೇ ಹೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮಮ್ಮನಿಗೆ ಫೋನಿನಲ್ಲಿ "ಹೆದರ್ ನೋಡೋಕೆ ಹೋಗ್ತಿದೀವಿ" ಅಂದಾಗ, "ಯಾಕೋ, ಹೆದರೋ ಅಂಥದ್ದು ಏನಿದೆ ಅಲ್ಲಿ?" ಅಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಹೆದರದ ಹೂವು ಅಂತಲೇ ಹೆಸರು. ಗಾಳಿ, ಮಳೆ, ಹಿಮ, ಸಾರವಿಲ್ಲದ ಹುಳಿ ಮಣ್ಣು, ಯಾವುದಕ್ಕೂ ಹೆದರದೆ ಬೆಳೆಯುವ ಗಿಡಕ್ಕೆ ಅದು ಸರಿಯಾಗಿಯೇ ಒಪ್ಪುತ್ತದೆ.

ಹೆಜ್ಜೆ 1: ಮೂರು ಗಿಡಗಳನ್ನು ಗುರುತಿಸಲು ಕಲಿಯಿರಿ

ಹೂವಿನ ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಬೆಳಕು ಬದಲಾದಂತೆ ಬಣ್ಣ ಮೋಸ ಮಾಡುತ್ತದೆ. ಎಲೆ ನೋಡಿ. ಮಂಡಿಯೂರಿ ಕುಳಿತು ಒಂದು ಕಡ್ಡಿಯನ್ನು ಕಣ್ಣಿಗೆ ಹತ್ತಿರ ಮಾಡಿಕೊಳ್ಳಿ. ಕೀಳುವುದು ಬೇಡ, ಬಗ್ಗಿಸಿದರೆ ಸಾಕು.

ಮೊದಲನೆಯದು ಲಿಂಗ್. ಸುಮ್ನೆ ಹೆದರ್ ಅಂದರೆ ಇಲ್ಲಿನವರಿಗೆ ಇದೇ. ಸಸ್ಯಶಾಸ್ತ್ರದ ಹೆಸರು ಕ್ಯಾಲುನಾ ವಲ್ಗ್ಯಾರಿಸ್. ಆಗಸ್ಟ್‌ನಲ್ಲಿ ಇಡೀ ಗುಡ್ಡಕ್ಕೆ ಬಣ್ಣ ಬಳಿಯುವುದು ಇದೇ ಗಿಡ. ಇದರ ಎಲೆ ಎಷ್ಟು ಚಿಕ್ಕದೆಂದರೆ ಎಲೆ ಅಂತ ಅನ್ನಿಸುವುದೇ ಇಲ್ಲ. ಎರಡು ಮೂರು ಮಿಲಿಮೀಟರ್ ಉದ್ದದ ಎಲೆಗಳು ಎದುರು ಬದುರಾಗಿ, ಒಂದರ ಮೇಲೊಂದು ಒತ್ತಿಕೊಂಡು ಬಿಗಿಯಾಗಿ ಹೆಣೆದ ಜಡೆಯ ಹಾಗೆ ಕಾಣುತ್ತವೆ. ಹೂಗಳು ಕಡ್ಡಿಯ ಉದ್ದಕ್ಕೂ ಸಾಲಾಗಿ ಬರುತ್ತವೆ. ತುಳಸಿ ಕದಿರನ್ನು ನೆನೆಸಿಕೊಳ್ಳಿ, ಸುಮಾರಾಗಿ ಆ ಆಕಾರ. ಬಣ್ಣ ತಿಳಿ ನೇರಳೆ, ಅದರಲ್ಲಿ ಸ್ವಲ್ಪ ಗುಲಾಬಿ ಬೆರೆತಂತೆ. ಒಂದು ಚೆಂದದ ಸಂಗತಿ: ನಾವು ಎಸಳು ಅಂದುಕೊಳ್ಳುವ ಆ ಬಣ್ಣದ ಭಾಗ ನಿಜಕ್ಕೂ ಹೂವಿನ ಹೊರಗಿನ ಪುಷ್ಪಪಾತ್ರೆ. ನಿಜವಾದ ಎಸಳು ಅದರೊಳಗೆ ಇನ್ನೂ ಚಿಕ್ಕದಾಗಿ ಅಡಗಿರುತ್ತದೆ. ಪುಷ್ಪಪಾತ್ರೆ ಬೇಗ ಉದುರುವುದಿಲ್ಲ. ಹೂವು ಸತ್ತ ಮೇಲೂ ಒಣಗಿ ಕಡ್ಡಿಯಲ್ಲೇ ನಿಲ್ಲುತ್ತದೆ. ನಾನು ಸೆಪ್ಟೆಂಬರಿನಲ್ಲಿ ನೋಡಿದ ತುಕ್ಕಿನ ಬಣ್ಣ ಅದೇ.

ಎರಡನೆಯದು ಬೆಲ್ ಹೆದರ್, ಎರಿಕಾ ಸಿನೆರಿಯಾ. ಇದರ ಎಲೆ ಸೂಜಿಯಂತೆ, ಕಡ್ಡಿಯ ಸುತ್ತ ಮೂರು ಮೂರರ ಸುತ್ತಾಗಿ ಬರುತ್ತದೆ. ಹೂವು ಕತ್ತು ಕಿರಿದಾದ ಪುಟ್ಟ ಗಡಿಗೆಯ ಹಾಗೆ. ಬಣ್ಣ ಕಡು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹೇಗಿರುತ್ತದೆ, ಅಲ್ವಾ? ಅದೇ ಬಣ್ಣ. ನೀರು ನಿಲ್ಲದ ಒಣ ನೆಲ ಇದಕ್ಕೆ ಇಷ್ಟ. ಬಂಡೆಯ ಅಂಚು, ಬಿಸಿಲು ಬೀಳುವ ಇಳಿಜಾರು, ಮರಳು ನೆಲ. ಜೂನ್ ಕೊನೆಗೇ ಕೆಲವು ಕಡೆ ಅರಳಲು ಶುರು ಮಾಡುತ್ತದೆ. ನಾನು ಎರಡನೇ ವರ್ಷ ನೋಡಿದ್ದು ಇದನ್ನೇ.

ಮೂರನೆಯದು ಕ್ರಾಸ್ ಲೀವ್ಡ್ ಹೀತ್, ಎರಿಕಾ ಟೆಟ್ರಾಲಿಕ್ಸ್. ಎಲೆಗಳು ನಾಲ್ಕು ನಾಲ್ಕಾಗಿ ಕಡ್ಡಿಯ ಸುತ್ತ ಬರುತ್ತವೆ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯ ಆಕಾರ. ಟೆಟ್ರಾ ಅಂದರೆ ಗ್ರೀಕಿನಲ್ಲಿ ನಾಲ್ಕು, ಅಲ್ಲಿಂದಲೇ ಹೆಸರು. ಹೂವು ತೆಳು ಗುಲಾಬಿ. ಕಡ್ಡಿಯ ತುದಿಯಲ್ಲಿ ಮಾತ್ರ ಒಂದು ಗೊಂಚಲಾಗಿ, ತಲೆ ತಗ್ಗಿಸಿ ನಿಂತಿರುತ್ತದೆ. ಮೂರರಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ, ಯಾಕೆಂದರೆ ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಇದು ಬೆಳೆಯುವುದು ಜವುಗು ನೆಲದಲ್ಲಿ. ನಡೆಯುವವರಿಗೆ ಇದೊಂದು ಎಚ್ಚರಿಕೆಯೂ ಹೌದು. ಈ ಹೂವು ಕಂಡರೆ ಮುಂದಿನ ಹೆಜ್ಜೆ ನೋಡಿಕೊಂಡು ಇಡಿ, ಕಾಲು ಹೂತು ಹೋಗಬಹುದು.

ಎರಡು ಎಲೆ ಎದುರು ಬದುರಾಗಿದ್ದರೆ ಲಿಂಗ್, ಮೂರಿದ್ದರೆ ಬೆಲ್, ನಾಲ್ಕಿದ್ದರೆ ಕ್ರಾಸ್ ಲೀವ್ಡ್. ನನ್ನ ಮಗಳು ಏಳು ವರ್ಷದವಳಿದ್ದಾಗ ಇದನ್ನು ಐದು ನಿಮಿಷದಲ್ಲಿ ಕಲಿತಳು. ದೊಡ್ಡವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತದೆ, ನಾವು ಬಗ್ಗಿ ನೋಡುವುದಿಲ್ಲವಲ್ಲ.

ನೈಋತ್ಯ ಇಂಗ್ಲೆಂಡಿಗೆ ಹೋದರೆ ಇನ್ನೆರಡು ಅಪರೂಪದ ಬಗೆಗಳಿವೆ. ಕಾರ್ನ್‌ವಾಲ್‌ನ ಲಿಜರ್ಡ್ ಭೂಶಿರದಲ್ಲಿ ಕಾರ್ನಿಷ್ ಹೀತ್, ಡಾರ್ಸೆಟ್ ಕಡೆ ಡಾರ್ಸೆಟ್ ಹೀತ್. ಮೊದಲ ಮೂರು ಕೈವಶವಾದ ಮೇಲೆ ಅವುಗಳ ಬೆನ್ನು ಹತ್ತಿ.

ಹೆಜ್ಜೆ 2: ತಾರೀಖು ಗೊತ್ತು ಮಾಡಿಕೊಳ್ಳಿ

ಒಂದೇ ಒಂದು ವಾರಾಂತ್ಯ ಹೇಳಿ ಅಂದರೆ, ಆಗಸ್ಟ್ 15ರಿಂದ 25ರ ನಡುವಿನದು ಅನ್ನುತ್ತೇನೆ. ಲಿಂಗ್ ಜುಲೈ ಕೊನೆಗೆ ಬಿಡಲು ಶುರುವಾಗಿ, ಆಗಸ್ಟ್ ಮಧ್ಯದಲ್ಲಿ ತುಂಬಿಕೊಂಡು, ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಇಳಿಯುತ್ತದೆ. ಒಂದೇ ಗುಡ್ಡದಲ್ಲಿ ಕೆಳಗಿನ, ಬಿಸಿಲಿನ ಇಳಿಜಾರು ಮೊದಲು. ಮೇಲಿನ, ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಆಮೇಲೆ. ಹಾಗಾಗಿ ಒಂದು ವಾರ ತಡವಾಯಿತೆಂದು ಕೈಬಿಡಬೇಡಿ, ಸ್ವಲ್ಪ ಎತ್ತರದ ಜಾಗ ಆರಿಸಿಕೊಳ್ಳಿ.

ಚಿಕ್ಕಮಗಳೂರಿನ ಗಿರಿಗಳಲ್ಲಿ ನೀಲಕುರಿಂಜಿ ನೋಡಿದವರು ಇಲ್ಲಿ ಬಂದು "ಇದೂ ಹಾಗೇನಾ, ಹನ್ನೆರಡು ವರ್ಷಕ್ಕೊಮ್ಮೆಯಾ?" ಅಂತ ಕೇಳುತ್ತಾರೆ. ಅಲ್ಲ. ಕುರಿಂಜಿ ಒಮ್ಮೆ ಅರಳಿ, ಬೀಜ ಬಿಟ್ಟು ಸಾಯುತ್ತದೆ. ಹೆದರ್ ಪ್ರತಿ ವರ್ಷ ಅರಳುತ್ತದೆ. ಒಂದು ಪೊದೆ ಮೂವತ್ತು ವರ್ಷದವರೆಗೂ ಬಾಳಬಹುದು. ಈ ವರ್ಷ ತಪ್ಪಿದರೆ ಮುಂದಿನ ಆಗಸ್ಟ್ ಇದ್ದೇ ಇದೆ.

ಆದರೆ ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. ಬೇಸಿಗೆಯಲ್ಲಿ ಮಳೆಯೇ ಬಾರದೆ ಒಣಗಿದರೆ ತೆಳು ಮಣ್ಣಿನ ಕಡೆ ಮೊಗ್ಗು ಅಲ್ಲೇ ಸುಟ್ಟುಹೋಗುತ್ತದೆ. ಹೆದರ್ ಬೀಟಲ್ ಅನ್ನುವ ಒಂದು ಪುಟ್ಟ ಜೀರುಂಡೆ ಇದೆ. ಅದು ಹಾವಳಿ ಮಾಡಿದ ವರ್ಷ ಎಕರೆಗಟ್ಟಲೆ ಗಿಡ ಕೆಂಪು ಕಂದಾಗಿ ನಿಲ್ಲುತ್ತದೆ. ದೂರ ಪ್ರಯಾಣ ಮಾಡುವವರು ಹೊರಡುವ ಮೊದಲು ಒಂದು ಕೆಲಸ ಮಾಡಿ. ಹೋಗಬೇಕೆಂದಿರುವ ಜಾಗದ ಹೆಸರು ಹಾಕಿ, ಅದೇ ವಾರ ಜನ ಹಾಕಿರುವ ಫೋಟೋಗಳನ್ನು ನೋಡಿ. ಹೋದ ವರ್ಷದ್ದಲ್ಲ, ಈ ವಾರದ್ದು. ನ್ಯಾಷನಲ್ ಪಾರ್ಕ್‌ಗಳ ಪುಟಗಳಲ್ಲೂ ಆ ಹೊತ್ತಿಗೆ ಫೋಟೋ ಬರುತ್ತಿರುತ್ತವೆ. ಫೋಟೋದಲ್ಲಿ ಕದಿರಿನ ಕೆಳಭಾಗ ಅರಳಿ ತುದಿಯಲ್ಲಿ ಮೊಗ್ಗಿದ್ದರೆ ಒಳ್ಳೆಯ ಸಮಯ. ಕೆಳಭಾಗ ಕಂದಾಗಿದ್ದರೆ ಕೂಡಲೇ ಹೊರಡಿ.

ಹೆಜ್ಜೆ 3: ಹೀತ್ ಬೇಕಾ, ಮೂರ್‌ಲ್ಯಾಂಡ್ ಬೇಕಾ?

ಎರಡೂ ಮರವಿಲ್ಲದ ಬಯಲು, ಎರಡರಲ್ಲೂ ಹೆದರ್. ಆದರೆ ಹೀತ್ ಅಂದರೆ (ಇಲ್ಲಿ ಗಿಡದ ಹೆಸರಲ್ಲ, ನೆಲದ ಹೆಸರು) ತಗ್ಗು ಪ್ರದೇಶದ ಮರಳು ನೆಲ, ಬೆಚ್ಚಗಿರುತ್ತದೆ. ಮೂರ್‌ಲ್ಯಾಂಡ್ ಅಂದರೆ ಎತ್ತರದ, ಮಳೆ ಗಾಳಿಯ ಗುಡ್ಡನೆಲ. ಕಾಲಡಿಯಲ್ಲಿ ಪೀಟ್ ಇರುತ್ತದೆ. ಪೀಟ್ ಅಂದರೆ ಕೊಳೆಯದೆ ಒತ್ತೊತ್ತಾಗಿ ಸೇರಿದ ಗಿಡಗಳ ಕಪ್ಪು ಪದರ. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಕಾಲುದಾರಿಯ ಪಕ್ಕ ಒಂದು ಮೀಟರ್ ಎತ್ತರದ ಪೀಟ್ ಗೋಡೆ ಕಂಡರೆ ಅದು ಸಾವಿರ ವರ್ಷದ ಲೆಕ್ಕ. ಮೊದಲ ಸಲ ಇದು ತಿಳಿದಾಗ ನಾನು ಆ ಗೋಡೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ.

ಇನ್ನೊಂದು ವಿಷಯ. ಈ ಬಯಲುಗಳು ಮನುಷ್ಯ ಮುಟ್ಟದ ಕಾಡಲ್ಲ. ಸಾವಿರಾರು ವರ್ಷಗಳ ಹಿಂದೆ ಜನ ಮರ ಕಡಿದು, ದನ ಕುರಿ ಮೇಯಿಸಿ, ಆಗಾಗ ಬೆಂಕಿ ಹಾಕಿ ಇವನ್ನು ಬಯಲಾಗಿ ಉಳಿಸಿಕೊಂಡು ಬಂದರು. ಹಾಗೇ ಬಿಟ್ಟರೆ ಹೆಚ್ಚಿನ ಕಡೆ ಬರ್ಚ್, ಪೈನ್ ಮರಗಳು ಎದ್ದು ಬರುತ್ತವೆ. ಇಂಗ್ಲೆಂಡಿನ ತಗ್ಗು ಪ್ರದೇಶದ ಹೀತ್‌ಗಳಲ್ಲಿ 1800ರಿಂದ ಈಚೆಗೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಹೋಗಿಬಿಟ್ಟಿವೆ. ಹೊಲವಾಗಿ, ಮನೆಯಾಗಿ, ಮರದ ತೋಪಾಗಿ. ಉಳಿದಿರುವುದನ್ನು ನೋಡಲು ಹೋಗುವಾಗ ಇದು ಮನಸ್ಸಿನಲ್ಲಿರಲಿ.

ಲಂಡನ್ ಸುತ್ತಮುತ್ತ ಇರುವವರು ಉತ್ತರಕ್ಕೆ ಬರಲೇಬೇಕೆಂದಿಲ್ಲ. ಸರ್ರೆಯ ಚೋಬಮ್ ಕಾಮನ್, ಥರ್ಸ್ಲಿ ಕಾಮನ್ ಎರಡೂ ಒಳ್ಳೆಯ ಹೀತ್‌ಗಳು. ಥರ್ಸ್ಲಿಯಲ್ಲಿ ಜವುಗಿನ ಮೇಲೆ ಹಲಗೆ ದಾರಿ ಇದೆ, ಕ್ರಾಸ್ ಲೀವ್ಡ್ ಹೀತ್ ನೋಡಲು ಅನುಕೂಲ. ಕಾರಿಲ್ಲದವರಿಗೆ ನನ್ನ ಆಯ್ಕೆ ನ್ಯೂ ಫಾರೆಸ್ಟ್‌ನ ಬ್ಯೂಲಿ ರೋಡ್ ನಿಲ್ದಾಣ. ರೈಲಿನಿಂದ ಇಳಿದರೆ ಸುತ್ತ ಹೀತ್ ಬಯಲೇ. ಕೆಲವೇ ರೈಲುಗಳು ನಿಲ್ಲುತ್ತವೆ, ವಾಪಸಿನ ಸಮಯ ಮೊದಲೇ ಬರೆದುಕೊಳ್ಳಿ. (ಈ ಹೆಸರು ಬರೆಯುವುದು ಬ್ಯೂಲ್ಯೂ ಅಂತ ಓದುವ ಹಾಗೆ, ಹೇಳುವುದು ಬ್ಯೂಲಿ.) ಸಫಕ್ ಕಡೆಯವರಿಗೆ ಸಮುದ್ರದ ದಂಡೆಯ ಡನಿಚ್ ಹೀತ್ ಇದೆ.

ನೇರಳೆಯ ಜೊತೆ ಹಳದಿಯೂ ಬೇಕೆಂದರೆ ಎಕ್ಸ್‌ಮೂರ್‌ಗೆ ಹೋಗಿ. ಅಲ್ಲಿ ವೆಸ್ಟರ್ನ್ ಗೋರ್ಸ್ ಅನ್ನುವ ಮುಳ್ಳು ಪೊದೆ ಹೆದರ್ ಜೊತೆಯಲ್ಲೇ ಹಳದಿ ಹೂ ಬಿಡುತ್ತದೆ. 519 ಮೀಟರ್ ಎತ್ತರದ ಡಂಕರಿ ಬೀಕನ್ ಅಲ್ಲಿನ ತುದಿ. ಬರ್ಮಿಂಗ್‌ಹ್ಯಾಮ್ ಕಡೆಯವರಿಗೆ ಶ್ರಾಪ್‌ಶೈರ್‌ನ ಲಾಂಗ್ ಮಿಂಡ್ ಹತ್ತಿರ. ಚರ್ಚ್ ಸ್ಟ್ರೆಟನ್‌ವರೆಗೆ ರೈಲಿದೆ, ಅಲ್ಲಿಂದ ಕಾರ್ಡಿಂಗ್ ಮಿಲ್ ಕಣಿವೆಯಲ್ಲಿ ಹತ್ತಬಹುದು.

ಕಣ್ಣು ಹಾಯುವಷ್ಟು ದೂರ ನೇರಳೆಯೇ ಇರಬೇಕೆಂದರೆ ನಾರ್ತ್ ಯಾರ್ಕ್ ಮೂರ್ಸ್‌ಗೆ ಸಾಟಿ ಇಲ್ಲ. 1952ರಲ್ಲಿ ನ್ಯಾಷನಲ್ ಪಾರ್ಕ್ ಆದ ಜಾಗ ಅದು. ನಡೆಯಲು ಕಷ್ಟಪಡುವ ಹಿರಿಯರು ಜೊತೆಗಿದ್ದರೆ ಹಟನ್ ಲೆ ಹೋಲ್ ಹಳ್ಳಿಯಿಂದ ಕ್ಯಾಸಲ್‌ಟನ್ ಕಡೆ ಬ್ಲೇಕಿ ರಿಡ್ಜ್ ಮೇಲೆ ಹೋಗುವ ರಸ್ತೆ ಹಿಡಿಯಿರಿ. ಎರಡೂ ಕಡೆ ಮೂರ್‌ಲ್ಯಾಂಡ್. ಕಾರಿನ ಕಿಟಕಿಯಿಂದಲೇ ಕಾಣುತ್ತದೆ, ಅಲ್ಲಲ್ಲಿ ನಿಲ್ಲಿಸಿ ಹತ್ತು ಹೆಜ್ಜೆ ಇಟ್ಟರೂ ಸಾಕು. ಬೊಗುಣಿಯ ಹಾಗಿರುವ ದೊಡ್ಡ ಕಣಿವೆ ಹೋಲ್ ಆಫ್ ಹಾರ್ಕಮ್ ಪಿಕರಿಂಗ್‌ನಿಂದ ವಿಟ್ಬಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಇದೆ.

ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರಾದವರಿಗೆ ಪೆಂಟ್‌ಲ್ಯಾಂಡ್ ಬೆಟ್ಟಗಳಿಗೆ ಊರಿನಿಂದಲೇ ಬಸ್ಸು. ದೊಡ್ಡ ಪ್ರವಾಸಕ್ಕೆ ಕೇರ್ನ್‌ಗಾರ್ಮ್ಸ್, ಏವಿಮೋರ್‌ವರೆಗೆ ರೈಲು. ಆದರೆ ಗಾಳಿ ಇಲ್ಲದ ಸಂಜೆ ಅಲ್ಲಿ ಮಿಡ್ಜ್ ಅನ್ನುವ ಸಣ್ಣ ನೊಣಗಳು ಮುಖಕ್ಕೆ ಮುತ್ತುತ್ತವೆ. ತಲೆಗೆ ಹಾಕುವ ಬಲೆ ತೆಗೆದುಕೊಂಡು ಹೋಗಿ.

ಹೆಜ್ಜೆ 4: ಮೊದಲ ಸಲದವರಿಗೆ ಒಂದು ದಾರಿ

ಇಷ್ಟು ಜಾಗದಲ್ಲಿ ಎಲ್ಲಿಗೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ನಾನು ಪ್ರತಿ ವರ್ಷ ಹೋಗುವ ದಾರಿ ಹೇಳುತ್ತೇನೆ. ಪೀಕ್ ಡಿಸ್ಟ್ರಿಕ್ಟ್, ಹ್ಯಾದರ್‌ಸೇಜ್ ಊರಿನ ಮೇಲಿನ ಗುಡ್ಡ. ಊರಿನ ಹೆಸರಿಗೂ ಹೂವಿಗೂ ಸಂಬಂಧ ಹುಡುಕಬೇಡಿ.

ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ನಡುವಿನ ಹೋಪ್ ವ್ಯಾಲಿ ರೈಲು ಮಾರ್ಗದಲ್ಲಿ ಹ್ಯಾದರ್‌ಸೇಜ್ ನಿಲ್ದಾಣ ಇದೆ. ಅಲ್ಲಿಂದ ಮೇಲಕ್ಕೆ ಹತ್ತಬೇಕು. ಕಾರಿದ್ದರೆ ಸರ್ಪ್ರೈಸ್ ವ್ಯೂ ಅನ್ನುವ ಪಾರ್ಕಿಂಗ್‌ಗೆ ನೇರ ಹೋಗಬಹುದು. ಆಗಸ್ಟ್ ಭಾನುವಾರ ಬೆಳಿಗ್ಗೆ ಒಂಬತ್ತರ ಮೇಲೆ ಹೋದರೆ ಜಾಗ ಸಿಗುವುದು ಕಷ್ಟ. ಅಲ್ಲಿಂದ ಕಾಲುದಾರಿ ಮದರ್ ಕ್ಯಾಪ್ ಅನ್ನುವ ದೊಡ್ಡ ಬಂಡೆಗೆ ಏರುತ್ತದೆ. ಮುಂದೆ ಓವರ್ ಔಲರ್ ಟಾರ್, ಆಮೇಲೆ ಹಿಗ್ಗರ್ ಟಾರ್. ಟಾರ್ ಅಂದರೆ ಬಂಡೆಗಳ ಗುಡ್ಡೆ. ಹಿಗ್ಗರ್ ಟಾರ್‌ನಿಂದ ಕೆಳಗೆ ನೋಡಿದರೆ ಕಾರ್ಲ್ ವಾರ್ಕ್ ಅನ್ನುವ ಹಳೆಯ ಕಲ್ಲುಕೋಟೆ ಕಾಣುತ್ತದೆ. ಅಲ್ಲಿಗಿಳಿದು ಸುತ್ತಿ ಬನ್ನಿ. ನೋಡುತ್ತ, ಕೂರುತ್ತ, ಬುತ್ತಿ ಬಿಚ್ಚುತ್ತ ಹೋದರೆ ಮೂರು ಮೂರೂವರೆ ಗಂಟೆ.

ಈ ದಾರಿಯನ್ನು ನಾನು ಆರಿಸಿದ್ದಕ್ಕೆ ಕಾರಣ ನೋಟ ಒಂದೇ ಅಲ್ಲ. ಇಲ್ಲಿ ಒಣ ನೆಲ ಜವುಗಾಗಿ, ಜವುಗು ಮತ್ತೆ ಒಣ ನೆಲವಾಗಿ ಬದಲಾಗುತ್ತ ಹೋಗುತ್ತದೆ. ಬಂಡೆಗಳ ಬುಡದಲ್ಲಿ ಬೆಲ್ ಹೆದರ್ ಹುಡುಕಿ. ಬಯಲಿನಲ್ಲೆಲ್ಲ ಲಿಂಗ್. ಎರಡು ಟಾರ್‌ಗಳ ನಡುವೆ ನೆಲ ತಗ್ಗಿ ಬೂಟು ಪಚಪಚ ಅನ್ನುವ ಕಡೆ ಮೂರನೆಯದಕ್ಕೆ ಕಣ್ಣಿಡಿ. ಲಿಂಗ್ ನಡುವೆ ತಿಳಿ ಹಸಿರು ಎಲೆಯ ಗಿಡ್ಡ ಗಿಡ, ಅದರಲ್ಲಿ ಕಪ್ಪು ನೀಲಿ ಹಣ್ಣು ಕಂಡರೆ ಅದು ಬಿಲ್‌ಬೆರಿ. ಹೆದರ್ ಕುಟುಂಬದ್ದೇ, ತಿನ್ನಬಹುದು. ಗುರುತು ಖಾತ್ರಿ ಇದ್ದರೆ ಮಾತ್ರ ಬಾಯಿಗೆ ಹಾಕಿ.

ಹವೆ ಹೇಗಿದೆ ನೋಡಿಕೊಂಡು ಗಂಟೆ ಗೊತ್ತು ಮಾಡಿ. ಬಣ್ಣಕ್ಕೆ ಬೆಳಿಗ್ಗೆ ಅಥವಾ ಸಂಜೆ ಏಳರ ಮೇಲೆ. ಆದರೆ ನಾನು ಹೋಗುವುದು ಬಿಸಿಲೇರಿದ ಮೇಲೆ, ಹನ್ನೊಂದರ ಸುಮಾರಿಗೆ. ಗಾಳಿ ನಿಂತ ಬೆಚ್ಚಗಿನ ದಿನ ಆ ಹೊತ್ತಿಗೆ ಇಡೀ ಗುಡ್ಡ ಜೇನಿನ ಹಾಗೆ ಪರಿಮಳ ಬಿಡುತ್ತದೆ. ಫೋಟೋದಲ್ಲಿ ಅದು ಬರುವುದಿಲ್ಲ. ಕೆಳಗಿಳಿದಾಗ ಬೂಟಿನ ಮೇಲೆ ಬಿಳಿ ಬೂದಿ ಬಣ್ಣದ ಪುಡಿ ಕೂತಿರುತ್ತದೆ, ಅದು ಹೆದರ್ ಪರಾಗ.

ಹೆಜ್ಜೆ 5: ಚೀಲದಲ್ಲಿ ಏನಿರಬೇಕು

ಮಳೆ ಕೋಟು, ಒಂದು ಸ್ವೆಟರ್, ನೀರು, ಹಿಡಿತ ಇರುವ ಬೂಟು. ಶೆಫೀಲ್ಡ್‌ನಲ್ಲಿ ಬಿಸಿಲಿದ್ದರೂ ಮೇಲೆ ಗಾಳಿಗೆ ನಡುಗುತ್ತೀರಿ. ಓಎಸ್, ಅಂದರೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ನಕ್ಷೆ ಇಟ್ಟುಕೊಳ್ಳಿ. ಈ ದಾರಿಗೆ ಒಎಲ್ 1, ಡಾರ್ಕ್ ಪೀಕ್ ಹಾಳೆ. ನಾರ್ತ್ ಯಾರ್ಕ್ ಮೂರ್ಸ್‌ಗೆ ಒಎಲ್ 26 ಮತ್ತು 27. ಮಂಜು ಕವಿದರೆ ಹತ್ತು ನಿಮಿಷದಲ್ಲಿ ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ, ಫೋನಿಗೆ ಸಿಗ್ನಲ್ ಇರುವ ಭರವಸೆ ಇಲ್ಲ. ಅಪಾಯವಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು.

ಉದ್ದ ಪ್ಯಾಂಟು ಹಾಕಿ. ನಮ್ಮಮ್ಮ ಸೀರೆ ಉಟ್ಟೇ ಬರುತ್ತೇನೆ ಅಂದು ಬಂದರು. ಹೆದರ್ ಕಡ್ಡಿ ತಂತಿಯ ಹಾಗೆ ಗಟ್ಟಿ. ಹತ್ತು ಹೆಜ್ಜೆಗೊಮ್ಮೆ ಸೀರೆಯ ಅಂಚು ಹಿಡಿದು ನಿಲ್ಲಿಸುತ್ತಿತ್ತು. ಮರುದಿನ ಚೂಡಿದಾರ್, ಕಾಲುಚೀಲದ ಒಳಗೆ ಸಿಕ್ಕಿಸಿದ ಪ್ಯಾಂಟು. ಕಾಲುಚೀಲದೊಳಗೆ ಸಿಕ್ಕಿಸುವುದಕ್ಕೆ ಇನ್ನೊಂದು ಕಾರಣವೂ ಇದೆ: ಉಣ್ಣೆ ಹುಳು (ಟಿಕ್). ಮಲೆನಾಡಿನವರು ಉಣುಗು ಅನ್ನುತ್ತಾರಲ್ಲ, ಅದೇ ಜಾತಿ. ಇಲ್ಲಿನ ಕೆಲವು ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ಕಂಕುಳು, ಸೊಂಟ, ಮಕ್ಕಳ ಕೂದಲ ಅಂಚು ನೋಡಿ. ಕಚ್ಚಿ ಹಿಡಿದಿದ್ದರೆ ತೆಳು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಕಚ್ಚಿದ ಜಾಗದ ಸುತ್ತ ಕೆಂಪು ಗುರುತು ಹರಡುತ್ತ ಹೋದರೆ ಡಾಕ್ಟರಿಗೆ ತೋರಿಸಿ. ಅದು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದೊಳಗೆ ಕಾಣುತ್ತದೆ, ಮೂರು ತಿಂಗಳವರೆಗೂ ತಡವಾಗಬಹುದು.

ಆಡರ್ ಅನ್ನುವ ಹಾವಿದೆ, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ಬ್ರಿಟನ್ನಿನ ಒಂದೇ ವಿಷದ ಹಾವು. ತಾನಾಗಿ ಬಂದು ಕಚ್ಚುವುದಿಲ್ಲ. ಬಿಸಿಲು ಕಾಯುತ್ತ ಮಲಗಿದ್ದರೆ ದೂರದಿಂದ ನೋಡಿ, ದಾರಿ ಬಿಟ್ಟು ಹೋಗಿ.

ಹೆಜ್ಜೆ 6: ಗುಡ್ಡದ ಕಟ್ಟಳೆ ತಿಳಿದುಕೊಳ್ಳಿ

ಈ ಬಯಲುಗಳಲ್ಲಿ ಬಹಳಷ್ಟು ಖಾಸಗಿ ಜಮೀನು. ಆದರೂ ನಾವು ನಡೆಯಬಹುದು. ಆ ಹಕ್ಕು ಸುಮ್ನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಇದೇ ಪೀಕ್ ಡಿಸ್ಟ್ರಿಕ್ಟಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರರು, ಬೇಕೆಂದೇ ಅತಿಕ್ರಮಿಸಿ ಹತ್ತಿದರು. ಐವರು ಜೈಲಿಗೆ ಹೋದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಬಯಲಿನಲ್ಲಿ ಓಡಾಡುವ ಹಕ್ಕು ಕಾನೂನಾಗಿದ್ದು 2000ದಲ್ಲಿ, ಸ್ಕಾಟ್ಲೆಂಡಿನಲ್ಲಿ 2003ರಲ್ಲಿ. ಒಂದು ಕಾಲುದಾರಿಯಲ್ಲಿ ನಡೆಯಲು ಅಷ್ಟು ವರ್ಷ ಹಿಡಿಯಿತು ಅನ್ನುವುದು ನನಗೆ ಪ್ರತಿ ಸಲ ನೆನಪಾಗುತ್ತದೆ.

ಹೂವು ತುಂಬಿರುವ ಹೊತ್ತಿಗೇ ಬೇಟೆಯ ಕಾಲವೂ ಶುರು. ರೆಡ್ ಗ್ರೌಸ್ ಅನ್ನುವ, ಹೆದರ್ ಚಿಗುರು ತಿಂದು ಬದುಕುವ ಕೋಳಿಯಂಥ ಹಕ್ಕಿಯನ್ನು ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಹೊಡೆಯುತ್ತಾರೆ. ಕೆಲವು ಗುಡ್ಡಗಳಲ್ಲಿ ಆ ದಿನ ದಾರಿ ತಡೆದಿರುತ್ತಾರೆ. ಫಲಕ ನೋಡಿ, ಹೇಳಿದ ಹಾಗೆ ಕೇಳಿ. ಇಂಗ್ಲೆಂಡಿನಲ್ಲಿ ಭಾನುವಾರ ಈ ಬೇಟೆ ಇಲ್ಲ, ಹಾಗಾಗಿ ನಾರ್ತ್ ಯಾರ್ಕ್ ಮೂರ್ಸ್‌ಗೆ ಭಾನುವಾರವೇ ಹೋಗಿ. ಕಾಲ ಬುಡದಿಂದಲೇ ಏನೋ ದಡಬಡ ಎದ್ದು "ಗೋ ಬ್ಯಾಕ್, ಗೋ ಬ್ಯಾಕ್" ಅಂತ ಬೈದಂತೆ ಕೂಗಿ ಹಾರಿದರೆ ಅದೇ ಗ್ರೌಸ್.

ದೂರದ ಇಳಿಜಾರಿನಲ್ಲಿ ತೇಪೆ ಹಾಕಿದಂತೆ ಚೌಕ ಚೌಕದ ಬಣ್ಣ ಕಾಣುತ್ತದೆ. ಕೆಲವು ಚೌಕ ಕಪ್ಪು, ಕೆಲವು ಕಡು ನೇರಳೆ, ಕೆಲವು ಬೂದು. ಗ್ರೌಸ್‌ಗೆ ಎಳೆ ಚಿಗುರು ಸಿಗಲೆಂದು ಚಳಿಗಾಲದಲ್ಲಿ ಪಟ್ಟಿ ಪಟ್ಟಿಯಾಗಿ ಸುಟ್ಟಿದ್ದರ ಗುರುತು ಅದು. ಇದರಿಂದ ಪೀಟ್‌ಗೆ ಪೆಟ್ಟು ಬೀಳುತ್ತದೆ ಅನ್ನುವ ವಾದ ಜೋರಾಗಿದೆ. ಆಳ ಪೀಟ್ ಇರುವ ಕಡೆ ಸುಡಬಾರದು ಅನ್ನುವುದೇ ನನ್ನ ಅಭಿಪ್ರಾಯ ಕೂಡ. ಆದರೆ ನೋಡುವವರಿಗೆ ಆ ಚೌಕಗಳು ಗಿಡದ ವಯಸ್ಸು ಹೇಳುತ್ತವೆ. ಸುಟ್ಟ ಕೆಲವು ವರ್ಷದ ಗಿಡ ಮೊಣಕಾಲಿಗೂ ಬರುವುದಿಲ್ಲ. ಆರರಿಂದ ಹದಿನೈದು ವರ್ಷದ್ದು ದಟ್ಟವಾಗಿ, ಹೂ ಕಿಕ್ಕಿರಿದು ನಿಲ್ಲುತ್ತದೆ. ಫೋಟೋ ಬೇಕೆಂದರೆ ಅಂಥ ಚೌಕ ಹುಡುಕಿ. ಇಪ್ಪತ್ತೈದು ದಾಟಿದ ಪೊದೆ ನಡುವೆ ಬಾಯಿ ಬಿಟ್ಟುಕೊಂಡು ಹೊರಕ್ಕೆ ಬಾಗುತ್ತದೆ.

ಆ ಸುಡುವುದಕ್ಕೂ ನಮ್ಮ ಕೈಯ ಕಿಡಿಗೂ ತುಂಬ ವ್ಯತ್ಯಾಸ ಇದೆ. ಆಗಸ್ಟ್‌ನಲ್ಲಿ ಬಾರ್ಬೆಕ್ಯೂ, ಸಿಗರೇಟು, ಸ್ಟವ್ ಯಾವುದೂ ಬೇಡ. ದಯವಿಟ್ಟು. 2018ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಸ್ಯಾಡಲ್‌ವರ್ತ್ ಮೂರ್ ಹೊತ್ತಿದಾಗ ಸೈನ್ಯ ಬರಬೇಕಾಯಿತು. ಪೀಟ್ ಒಳಗೊಳಗೇ ಉರಿಯುತ್ತದೆ. ಮೇಲೆ ನೀರು ಹೊಯ್ದರೆ ಆರುವುದಿಲ್ಲ. ಚಿತ್ರಾನ್ನ, ಚಪಾತಿ ಪಲ್ಯ, ಫ್ಲಾಸ್ಕಿನಲ್ಲಿ ಕಾಫಿ. ಅದಕ್ಕಿಂತ ಏನು ಬೇಕು?

ಹೂ ಕೀಳಬೇಡಿ, ಗಿಡ ಬುಡಸಮೇತ ಕಿತ್ತು ತರುವುದಂತೂ ಮಾಲೀಕರ ಒಪ್ಪಿಗೆ ಇಲ್ಲದಿದ್ದರೆ ಕಾನೂನಿಗೆ ವಿರುದ್ಧ. ದಾರಿಯಲ್ಲೇ ನಡೆಯಿರಿ. ಫೋಟೋಗೆಂದು ಪೊದೆಯ ನಡುವೆ ಹೋಗಿ ನಿಂತರೆ ಕಡ್ಡಿ ಮುರಿಯುತ್ತದೆ. ಒಬ್ಬರು ಹೋದ ಕಡೆ ಹತ್ತು ಜನ ಹೋಗುತ್ತಾರೆ. ದಾರಿಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ. ಮುಂದೆ ಹೂವು, ಹಿಂದೆ ಮನುಷ್ಯರು. ಹೂವಿನ ನಡುವೆ ನಿಂತ ಹಾಗೇ ಬರುತ್ತದೆ. ಫೋನು ಈ ನೇರಳೆಯನ್ನು ನೀಲಿ ಮಾಡಿಬಿಡುತ್ತದೆ, ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ ತೆಗೆಯಿರಿ.

ಹೆಜ್ಜೆ 7: ಜೇನಿಗೆ ಗಮನ ಕೊಡಿ

ದಾರಿಯ ಪಕ್ಕ, ಗಾಳಿಗೆ ಮರೆಯಾದ ಕಡೆ ಸಾಲಾಗಿ ಜೇನು ಪೆಟ್ಟಿಗೆ ಕಂಡರೆ ದೂರದಿಂದ ನಿಂತು ನೋಡಿ. ಆಗಸ್ಟ್ ಶುರುವಿನಲ್ಲಿ ಜೇನು ಸಾಕುವವರು ಕೆಳಗಿನ ಊರುಗಳಿಂದ ಪೆಟ್ಟಿಗೆಗಳನ್ನು ಗುಡ್ಡಕ್ಕೆ ಸಾಗಿಸುತ್ತಾರೆ. ಲಿಂಗ್ ಜೇನಿನ ಗುಣವೇ ಬೇರೆ. ಬಾಟಲಿ ಬಗ್ಗಿಸಿದರೂ ಹರಿಯುವುದಿಲ್ಲ, ಜೆಲ್ಲಿಯ ಹಾಗೆ ನಿಲ್ಲುತ್ತದೆ. ಚಮಚದಲ್ಲಿ ಕಲಕಿದರೆ ನೀರಾಗುತ್ತದೆ, ಹಾಗೇ ಬಿಟ್ಟರೆ ಮತ್ತೆ ಗಟ್ಟಿ. ಅದರೊಳಗಿನ ಪ್ರೋಟೀನ್ ಇದಕ್ಕೆ ಕಾರಣ. ಇದರಿಂದಾಗಿ ಎಲ್ಲ ಜೇನಿನ ಹಾಗೆ ಯಂತ್ರದಲ್ಲಿ ತಿರುಗಿಸಿ ತೆಗೆಯಲು ಬರುವುದಿಲ್ಲ, ಹುಟ್ಟನ್ನೇ ಕತ್ತರಿಸಿ ಹಿಂಡುತ್ತಾರೆ. ಬೆಲೆ ಜಾಸ್ತಿ ಇರುವುದು ಅದಕ್ಕೇ. ಬೆಲ್ ಹೆದರ್ ಜೇನು ಹೀಗಲ್ಲ, ಸಲೀಸಾಗಿ ಹರಿಯುತ್ತದೆ. ಊರಿನ ಸಣ್ಣ ಅಂಗಡಿಯಲ್ಲಿ ಹೆದರ್ ಜೇನು ಸಿಕ್ಕರೆ ಬಾಟಲಿ ಓರೆ ಮಾಡಿ ನೋಡಿ. ಒಳಗೆ ಸಣ್ಣ ಗಾಳಿಗುಳ್ಳೆಗಳು ಅಲ್ಲಾಡದೆ ನಿಂತಿದ್ದರೆ ಅದು ಲಿಂಗ್. ಸ್ವಲ್ಪ ಕಹಿ, ಕಾಸಿದ ಬೆಲ್ಲದ ವಾಸನೆ. ನನಗೆ ಅದು ಬಿಸಿ ದೋಸೆಯ ಜೊತೆ ಇಷ್ಟ.

ಈ ಗಿಡ ಇಲ್ಲಿನ ಬಡವರ ಮನೆಯ ಸಾಮಾನೂ ಆಗಿತ್ತು. ಸೂರಿಗೆ ಹೊದಿಸುತ್ತಿದ್ದರು, ಹಾಸಿಗೆಗೆ ತುಂಬುತ್ತಿದ್ದರು, ಉಣ್ಣೆಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಕಡ್ಡಿ ಕಟ್ಟಿ ಪೊರಕೆ ಮಾಡುತ್ತಿದ್ದರು. ಕ್ಯಾಲುನಾ ಅನ್ನುವ ಹೆಸರು ಬಂದದ್ದೂ ಗುಡಿಸು, ಚೆಂದ ಮಾಡು ಅನ್ನುವ ಗ್ರೀಕ್ ಮಾತಿನಿಂದ. ನಮ್ಮ ಕರಾವಳಿಯ ಹಿಡಿಸೂಡಿ ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಹೆಜ್ಜೆ 8: ಮಕ್ಕಳಿಗೊಂದು ಕೆಲಸ, ನಿಮಗೊಂದು ಪುಸ್ತಕ

ಮಕ್ಕಳು ಅರ್ಧ ಗಂಟೆಯಲ್ಲಿ "ಸಾಕು, ಹೋಗೋಣ" ಅನ್ನುತ್ತಾರೆ. ಅವರಿಗೆ ಬಿಳಿ ಹೆದರ್ ಹುಡುಕಲು ಹೇಳಿ. ಲಿಂಗ್‌ನಲ್ಲೇ ಅಪರೂಪಕ್ಕೆ ಬಿಳಿ ಹೂವಿನ ಗಿಡ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಅದೃಷ್ಟದ ಗುರುತು. ನಮ್ಮ ಮನೆಯವರು ಇಷ್ಟು ವರ್ಷದಲ್ಲಿ ಎರಡು ಸಲ ಮಾತ್ರ ಕಂಡಿದ್ದೇವೆ, ಎರಡು ಸಲವೂ ಕಂಡದ್ದು ಮಗಳಿಗೆ.

ನೀವು ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಖು, ಜಾಗ, ಯಾವ ಗಿಡ, ಕದಿರಿನಲ್ಲಿ ಎಷ್ಟು ಅರಳಿದೆ, ಆ ಬೇಸಿಗೆ ಮಳೆ ಹೇಗಿತ್ತು. ಅಷ್ಟೇ ಸಾಕು. ಮೂರು ನಾಲ್ಕು ವರ್ಷದ ಸಾಲುಗಳು ಸೇರಿದರೆ ಜುಲೈನಲ್ಲೇ ಒಂದು ಮೊಗ್ಗು ನೋಡಿ ಯಾವ ಶನಿವಾರ ಹೊರಡಬೇಕೆಂದು ಹೇಳಬಲ್ಲಿರಿ. ನನ್ನ ಪುಸ್ತಕದಲ್ಲಿ ಅಮ್ಮ ಬಂದ ವರ್ಷದ ಸಾಲು ಅವರದೇ ಕೈಬರಹದಲ್ಲಿದೆ: "ಆಗಸ್ಟ್ 19. ಹಿಗ್ಗರ್ ಟಾರ್. ಮುಕ್ಕಾಲು ಅರಳಿದೆ. ನಾಲ್ಕು ಎಲೆಯದು ಒಂದೇ ಒಂದು ಸಿಕ್ಕಿತು, ಕಾಲು ಒದ್ದೆ."